ನೀರೊಳಗೆ ಕಣ್ಣು ಬಿಟ್ಟಾಗ

ಕೊಲಂಬೊದಿಂದ ಪೂರ್ವಕ್ಕೆ

ಬಸ್ಸು ಕೊಲಂಬೊ ಬಿಟ್ಟು ಒಂದು ಗಂಟೆಯಾಗುವಷ್ಟರಲ್ಲಿ ಗುಲಾಬಿ ಪಕ್ಕದ ಸೀಟಿನ ಹೆಂಗಸಿನ ಮಗುವನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಇವಳಿಗೆ ಸಿಂಹಳ ಬಾರದು, ಆ ಹೆಂಗಸಿಗೆ ಸಿಂಹಳ ಬಿಟ್ಟು ಬೇರೇನೂ ಬಾರದು. ಆದರೂ ಮಗುವಿನ ಕಿವಿಯ ಹಿಂದೆ ಎದ್ದಿದ್ದ ಗುಳ್ಳೆಗಳಿಗೆ ಎಣ್ಣೆ ಹಚ್ಚಬೇಡ, ಒರೆಸಿ ಒಣಗಲು ಬಿಡು ಎಂದು ಗುಲಾಬಿ ಕೈಸನ್ನೆಯಲ್ಲೇ ಹೇಳಿ ಮುಗಿಸಿದಳು. ಆ ತಾಯಿ ತಲೆಯನ್ನು ಅತ್ತಿತ್ತ ಓಲಾಡಿಸಿದಳು. ಹೌದೋ ಅಲ್ಲವೋ ಹೊರಗಿನವರಿಗೆ ಗೊತ್ತಾಗದಂತೆ ನಮ್ಮೂರಿನವರು ಓಲಾಡಿಸುವುದೂ ಹಾಗೆಯೇ.

ನಾವಿಬ್ಬರೂ ಹೊಸನಗರ ತಾಲ್ಲೂಕಿನ ಒಂದೇ ಹಳ್ಳಿಯವರು, ಒಂದೇ ಶಾಲೆಯಲ್ಲಿ ಕಲಿತವರು. ಅವಳು ಸಾಗರದಲ್ಲಿ ನರ್ಸ್ ಆಗಿದ್ದಳು. ನಾನು ಹೊಸನಗರದ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಗುಮಾಸ್ತೆ. ಒಂದೇ ಬೇಸಿಗೆಯಲ್ಲಿ ಇಬ್ಬರಿಗೂ ನಿವೃತ್ತಿಯಾಯಿತು. ನನ್ನ ಬೀಳ್ಕೊಡುಗೆಗೆ ಬಂದಿದ್ದ ಗುಲಾಬಿ, ಶಾಲು ಹೊದ್ದು ಕೂತಿದ್ದ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ಪದ್ಮ, ನಾವಿಬ್ರೂ ಎಲ್ಲಿಗಾದ್ರೂ ಹೋಗಣ. ದೇವಸ್ಥಾನ, ಬಸದಿ ಎಂತದೂ ಬೇಡ."

"ಮತ್ತೆಂತ ನೋಡದು?"

"ಸಮುದ್ರದ ಒಳಗೆ ನೋಡದು. ಮೊಬೈಲಲ್ಲಿ ಬರ್ತದಲ್ಲ, ಮುಖಕ್ಕೆ ಗಾಜು ಕಟ್ಕೊಂಡು ಮೀನಿನ ಮಧ್ಯೆ ತೇಲ್ತಾರಲ್ಲ, ಅದು."

"ನಂಗೆ ಈಜು ಬರಲ್ಲ ಮಾರಾಯ್ತಿ."

"ಈಜು ಬೇಡ್ವಂತೆ. ಸುಮ್ನೆ ತೇಲಿದ್ರಾಯ್ತು. ಮೂವತ್ತೈದು ವರ್ಷ ಆಫೀಸಲ್ಲಿ ನೀ ಮಾಡಿದ್ದೂ ಅದೇ ಅಲ್ವಾ."

ಹೀಗೆ ಅರವತ್ತನೆಯ ವಯಸ್ಸಿನಲ್ಲಿ ನಾನು ಪಾಸ್‌ಪೋರ್ಟ್ ಮಾಡಿಸಿದೆ. ಮನೆಯವರು ಹೋಗಿ ಬಾ ಎಂದರು. ಹೇಳಿದ ಮೇಲೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಒಂದು ಸೀಟಿ ತಂದುಕೊಟ್ಟರು. ಮುಳುಗುವ ಹಾಗಾದರೆ ಊದಬೇಕಂತೆ.

ಕಿಟಕಿಯಾಚೆ ಸಿಂಹಳದ ಫಲಕಗಳು ಓಡುತ್ತಿದ್ದವು. ಆ ಅಕ್ಷರಗಳನ್ನು ದೂರದಿಂದ ಕಂಡರೆ ಈಗಲೇ ಓದಿಬಿಡಬಹುದು ಅನ್ನಿಸುತ್ತದೆ. ಹತ್ತಿರ ಬಂದಾಗ ಒಂದೂ ಕೈಗೆ ಹತ್ತುವುದಿಲ್ಲ. ಬಹಳ ವರ್ಷದ ಮೇಲೆ ಸಿಕ್ಕ ನೆಂಟರ ಮುಖ ಗುರುತಾಗಿ ಹೆಸರು ಮಾತ್ರ ನೆನಪಾಗದ ಹಾಗೆ. ಆಗಸ್ಟ್ ತಿಂಗಳು. ನಾವು ಹೊರಟಾಗ ಊರಿನಲ್ಲಿ ಹಿಡಿದ ಮಳೆ ಬಿಟ್ಟಿರಲಿಲ್ಲ, ಬ್ಯಾಗಿನಲ್ಲಿದ್ದ ಬಟ್ಟೆಗೆಲ್ಲ ತಂಡಿಯ ವಾಸನೆ. ಇಲ್ಲಿ ಪೂರ್ವಕ್ಕೆ ಹೋದಷ್ಟೂ ನೆಲ ಒಣಗುತ್ತಾ, ಮರಗಳು ಗಿಡ್ಡವಾಗುತ್ತಾ, ಕೊನೆಗೆ ತಾಳೆಮರಗಳಷ್ಟೇ ಉಳಿದವು.

ನಡುವೆ ಬಸ್ಸು ನಿಂತ ಕಡೆ ಹಾಲಿಲ್ಲದ ಚಹಾ ಕೊಟ್ಟರು. ಜೊತೆಗೆ ಅಂಗೈಗೆ ಒಂದು ತುಂಡು ಬೆಲ್ಲ. ಬೆಲ್ಲ ಕಚ್ಚಿಕೊಂಡು ಚಹಾ ಗುಟುಕರಿಸಬೇಕು. ನನ್ನ ಅಜ್ಜಿ ಕಾಫಿಯನ್ನು ಹೀಗೆಯೇ ಕುಡಿಯುತ್ತಿದ್ದರು. ಆ ಕಟಕಟ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ, ಪರದೇಶದ ಬಸ್ ಸ್ಟಾಪಿನಲ್ಲಿ ನನ್ನ ಬಾಯಿಂದಲೇ ಕೇಳಿದೆ.

ನಿಲಾವೆಳಿ

ನಿಲಾವೆಳಿ ಎಂದರೆ ತಮಿಳಿನಲ್ಲಿ ಬೆಳದಿಂಗಳ ಬಯಲು ಎಂದು ಅರ್ಥವಂತೆ. ಹಾಗೆಂದು ಹೇಳಿದ್ದು ನಾವು ಉಳಿದುಕೊಂಡಿದ್ದ ಮನೆಯ ಒಡತಿ ಮಂಗೈ. ಕಡಲತೀರಕ್ಕೆ ಐದು ನಿಮಿಷ ನಡೆದರೆ ಸಾಕು ಎನ್ನುವಲ್ಲಿ ಅವಳ ಮನೆ. ಗುಲಾಬಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಭದ್ರಾವತಿಯಲ್ಲಿದ್ದಾಗ ತಮಿಳರ ಬೀದಿಯಲ್ಲಿ ಬಾಡಿಗೆಗಿದ್ದಳು. ಆ ತಮಿಳನ್ನು ಅವಳು ಈಗ ಹೊರತೆಗೆದಳು. ಮಂಗೈ ಮೊದಲು ಕಣ್ಣರಳಿಸಿ, ಆಮೇಲೆ ನಕ್ಕು, ಕೊನೆಗೆ ಅವಳನ್ನು ನೇರ ಅಡುಗೆಮನೆಗೇ ಕರೆದುಕೊಂಡು ಹೋದಳು.

ಮೀನು, ಮಾಂಸ, ಮೊಟ್ಟೆ ನನಗೆ ಬೇಡ, ಕತ್ತಲಾಗುವ ಮೊದಲೇ ಊಟ ಮುಗಿಸುತ್ತೇನೆ ಎಂದು ಗುಲಾಬಿಯಿಂದ ಹೇಳಿಸಿದೆ. ನಮ್ಮದು ಜೈನರ ಮನೆ, ಉಳಿದ ನೇಮಗಳು ಸಡಿಲವಾದರೂ ಇವೆರಡು ನನ್ನಲ್ಲಿ ಉಳಿದಿವೆ. ಮಂಗೈ ಹೊತ್ತು ಇಳಿಯುವ ಮೊದಲೇ ಎಲೆ ಹಾಕಿದಳು. ಕೆಂಪಕ್ಕಿ ಅನ್ನ, ಹಲಸಿನಕಾಯಿ ಪಲ್ಯ, ಬೇಳೆ, ಪಕ್ಕದಲ್ಲಿ ಕೆಂಪಗೆ ಉದುರುದುರಾದ ಕಾಯಿಚಟ್ನಿ. ಚಟ್ನಿ ಬಾಯಿಗಿಟ್ಟೆ. ಖಾರ, ಹುಳಿ, ಅದರ ಹಿಂದೆ ಇನ್ನೊಂದು ಏನೋ ರುಚಿ. ಎರಡನೆಯ ಸಲ ಹಾಕಿಸಿಕೊಂಡೆ. ಇದರಲ್ಲಿ ಏನು ಹಾಕುತ್ತಾರೆ ಕೇಳು ಎಂದೆ.

"ಮಾಸಿ ಅಂತೆ," ಎಂದಳು ಗುಲಾಬಿ.

ಹಿಂದಿ ಧಾರಾವಾಹಿಗಳನ್ನು ನೋಡಿದ ನೆನಪಿನಲ್ಲಿ ನಾನು ಇದು ಯಾವುದೋ ಚಿಕ್ಕಮ್ಮನ ಕೈರುಚಿ ಎಂದುಕೊಂಡೆ. ಗುಲಾಬಿ ಅಡುಗೆಮನೆಗೆ ಹೋಗಿ ಬಂದಳು. ಅವಳ ಮುಖ ಬೇರೆಯಾಗಿತ್ತು.

"ಪದ್ಮ, ಅದು ಒಣಗಿಸಿದ ಮೀನು. ಕಟ್ಟಿಗೆ ಥರ ಗಟ್ಟಿ ಇರ್ತದೆ, ಕುಟ್ಟಿ ಹಾಕ್ತಾರಂತೆ."

ನಾನು ಎಲೆಯಿಂದ ಕೈ ಹಿಂದಕ್ಕೆ ತೆಗೆದೆ. ಮಂಗೈ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ತಂದುಕೊಂಡಳು. ಅವಳಿಗೆ ಮಾಸಿ ಮೀನೇ ಅಲ್ಲ, ನಮಗೆ ಇಂಗು ಇದ್ದ ಹಾಗೆ ಅದು. ಮೋಸ ಮಾಡುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ.

"ನುಂಗಾಗಿದೆ," ಎಂದಳು ಗುಲಾಬಿ. "ಇನ್ನು ಎಂತ ಮಾಡಿದ್ರೂ ಅದು ವಾಪಸ್ ಬರಲ್ಲ. ನೀರು ಕುಡಿ. ಊರಲ್ಲಿ ನಾ ಯಾರಿಗೂ ಹೇಳಲ್ಲ."

ನಾನು ಎದ್ದು ಹೋಗಿ ಮಂಗೈಯ ಕೈ ಹಿಡಿದು ಪರವಾಗಿಲ್ಲ ಎಂದೆ. ಕನ್ನಡದಲ್ಲೇ ಹೇಳಿದೆ. ಅವಳಿಗೆ ಅರ್ಥವಾಯಿತು ಎಂದುಕೊಂಡಿದ್ದೇನೆ. ಮರುದಿನದಿಂದ ನನ್ನ ಚಟ್ನಿಯನ್ನು ಅವಳು ಬೇರೆ ಒರಳಿನಲ್ಲಿ ಅರೆದಳು.

ಪಾರಿವಾಳ ದ್ವೀಪ, ಮೊದಲ ದಿನ

ನಿಲಾವೆಳಿಯ ತೀರದಿಂದ ನೋಡಿದರೆ ಎದುರಿಗೇ ಕಾಣುವ ಸಣ್ಣ ಗುಡ್ಡ ಪಾರಿವಾಳ ದ್ವೀಪ. ಅಲ್ಲಿಗೆ ನಮ್ಮನ್ನು ಕರೆದೊಯ್ದವನು ಅಂತೋಣಿ. ಐವತ್ತರ ಆಸುಪಾಸಿನ ಮೀನುಗಾರ, ಈಗ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಹವಳ ತೋರಿಸುತ್ತಾನೆ. ತುಂಬ ಮಿತವಾಗಿ ಮಾತಾಡುವವನು. ದೋಣಿ ಅಲೆಗೆ ಎಗರಿದಾಗಲೆಲ್ಲ ನಾನು ಗುಲಾಬಿಯ ತೋಳು ಹಿಡಿದೆ. ಅವಳೋ ಮೋರೆಗೆ ನೀರು ಹೊಡೆಸಿಕೊಂಡು ನಗುತ್ತಿದ್ದಳು.

ದ್ವೀಪದ ದಡದಲ್ಲಿ ಮರಳಿಗಿಂತ ಹೆಚ್ಚಾಗಿ ಸತ್ತ ಹವಳದ ಚೂರುಗಳಿವೆ. ನಡೆದರೆ ಗಾಜಿನ ಬಳೆಗಳ ಮೇಲೆ ಕಾಲಿಟ್ಟ ಸದ್ದು. ಅಂತೋಣಿ ನಮಗೆ ಲೈಫ್ ಜಾಕೆಟ್ ತೊಡಿಸಿ ಬಿಗಿ ಮಾಡಿದ. ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮುಖವಾಡ ಕೊಟ್ಟ. ಬಾಯಲ್ಲಿ ಕಚ್ಚಿಕೊಳ್ಳಲು ರಬ್ಬರಿನ ಕೊಳವೆ, ಅದರ ಇನ್ನೊಂದು ತುದಿ ನೀರಿನ ಮೇಲೆ ನಿಲ್ಲುತ್ತದೆ. ಅವನು ಎರಡೇ ಮಾತು ಹೇಳಿದ. ಗುಲಾಬಿ ಅದನ್ನು ಕನ್ನಡಕ್ಕೆ ತಂದಳು.

"ಮೂಗು ಇದೆ ಅನ್ನದನ್ನ ಮರೀಬೇಕಂತೆ, ಬಾಯಲ್ಲೇ ಉಸಿರು. ಇನ್ನೊಂದು, ಕೆಳಗೆ ಕಾಣದು ಕಲ್ಲಲ್ವಂತೆ, ಜೀವ ಇರೋದು. ಅದರ ಮೇಲೆ ನಿಲ್ಬಾರ್ದು, ಕಾಲೂ ತಾಗಿಸ್ಬಾರ್ದು."

ಜೀವ ಇರುವುದು ಎಂದ ಮೇಲೆ ನಾನು ಸ್ವಲ್ಪ ಹೆಚ್ಚೇ ಎಚ್ಚರವಾದೆ. ಸೊಂಟದವರೆಗೆ ನೀರಿಗಿಳಿದು, ಮುಖವಾಡ ಬಿಗಿದು, ಗುಲಾಬಿಯ ಕೈ ಹಿಡಿದು ಕಾಲಿಗೆ ನೆಲ ಸಿಗದ ಕಡೆಗೆ ತೇಲಿ ಮುಖ ಕೆಳಗೆ ಮಾಡಿದೆ.

ಮೊದಲ ಮೂರು ಉಸಿರು ನನಗೆ ಚೆನ್ನಾಗಿ ನೆನಪಿದೆ. ಮೇಲಿದ್ದ ಗಾಳಿ, ಬಿಸಿಲು, ಮಾತು ಎಲ್ಲ ಒಮ್ಮೆಲೇ ನಿಂತುಹೋಯಿತು. ನನ್ನದೇ ಉಸಿರಿನ ಸದ್ದು, ಹಳೆಯ ಕುಲುಮೆಯ ತಿದಿಯ ಹಾಗೆ. ಕೆಳಗೆ ತಿಳಿನೀಲಿ ಬೆಳಕಿನಲ್ಲಿ ಕಡವೆಯ ಕೊಂಬುಗಳನ್ನು ಒತ್ತೊತ್ತಾಗಿ ನೆಟ್ಟ ಹಾಗೆ ಹವಳ. ಅದರ ಸಂದಿನಿಂದ ಅಂಗೈಯಗಲದ ಒಂದು ಹಳದಿ ಮೀನು ಹೊರಬಂದು ನನ್ನ ಎದುರಿಗೇ ನಿಂತು ನೋಡಿತು. ಹಿಂದಿನ ಸಂಜೆಯದು ಅದಕ್ಕೆ ಗೊತ್ತಿದೆಯೇನೋ ಅನ್ನಿಸಿತು.

ನಾಲ್ಕನೆಯ ಉಸಿರಿಗೆ ನೀರು ಬಂತು. ಬಿಸಿಲಿಗೆ ಚರ್ಮ ಸುಡಬಾರದೆಂದು ಬೆಳಿಗ್ಗೆ ಮುಖಕ್ಕೆ ಧಾರಾಳವಾಗಿ ಕೊಬ್ಬರಿಎಣ್ಣೆ ಹಚ್ಚಿಕೊಂಡಿದ್ದೆ. ಮುಖವಾಡದ ರಬ್ಬರು ಆ ಎಣ್ಣೆಯ ಮೇಲೆ ಜಾರಿತು. ಮೂಗಿಗೆ ಉಪ್ಪುನೀರು ನುಗ್ಗಿತು. ಮೂಗನ್ನು ಮರೆಯುವುದು ಹಾಗಿರಲಿ, ಆಗ ನನಗೆ ಮೂಗೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ತಲೆ ಹಿಂದಕ್ಕೆತ್ತಿದೆ, ಕೊಳವೆ ಮುಳುಗಿತು, ಎಳೆದುಕೊಂಡ ಉಸಿರೆಲ್ಲ ನೀರಾಯಿತು. ಮುಖವಾಡ ಕಿತ್ತೆಸೆದು ಗುಲಾಬಿಯ ಕುತ್ತಿಗೆಗೆ ಜೋತುಬಿದ್ದೆ. ಅವಳನ್ನು ಕೆಳಕ್ಕೊತ್ತಿ ಮೇಲೇರಲು ನೋಡಿದೆ. ಕಾಲುಗಳನ್ನು ಸಿಕ್ಕ ಕಡೆಗೆಲ್ಲ ಝಾಡಿಸಿದೆ. ಏನೋ ಲಟ್ಟೆಂದಿತು. ಮೊಣಕಾಲಿನ ಕೆಳಗೆ ಉರಿ ಹತ್ತಿತು.

ಅಂತೋಣಿ ನನ್ನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ದಡದವರೆಗೂ ಎಳೆದ. ಹಿಂದಿನಿಂದ ಗುಲಾಬಿ ಕೆಮ್ಮುತ್ತಾ ಬಂದಳು. ಸೀಟಿ ನನ್ನ ಕೊರಳಲ್ಲೇ ಇತ್ತು, ಊದುವುದು ನೆನಪೇ ಆಗಲಿಲ್ಲ.

ನನ್ನನ್ನು ಕೂರಿಸಿ ಅಂತೋಣಿ ಮತ್ತೆ ನೀರಿಗಿಳಿದ. ಬಂದಾಗ ಅವನ ಅಂಗೈಯಲ್ಲಿ ಬೆರಳುದ್ದದ ಹವಳದ ಕವಲು ಇತ್ತು. ಮೈಯೆಲ್ಲ ತಿಳಿಕಂದು, ಮುರಿದ ಜಾಗ ಮಾತ್ರ ಬಿಳಿ. ಅವನು ಅದನ್ನು ನಮ್ಮಿಬ್ಬರ ನಡುವೆ ಹಿಡಿದು ಕೇಳಿದ. ಯಾರು ಎಂಬ ಮಾತು ತಮಿಳಿನಲ್ಲೂ ಯಾರು ಎಂದೇ ಇದೆ.

"ನಾನ್ ತಾನ್," ಎಂದಳು ಗುಲಾಬಿ. ನಾನೇ.

ಅವನು ಅವಳಿಗೆ ಮೆಲ್ಲನೆ ಎರಡು ಮಾತು ಹೇಳಿದ. ಎಷ್ಟೋ ಹೆರಿಗೆ ಮಾಡಿಸಿದ, ಡಾಕ್ಟರುಗಳನ್ನೇ ಗದರಿಸಿಕೊಂಡಿದ್ದ ಆ ನರ್ಸು ಶಾಲೆಯ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಪಕ್ಕದಲ್ಲಿ ಕೂತಿದ್ದೆ. ಬಾಯಿ ತೆರೆಯಲಿಲ್ಲ.

ದಡ

ಗುಲಾಬಿ ಕೂದಲು ಹಿಂಡಿಕೊಳ್ಳಲು ಮರದ ನೆರಳಿಗೆ ಹೋದಳು. ನಾನು ಹವಳದ ಚೂರುಗಳ ಮೇಲೆ ಒಬ್ಬಳೇ ಕೂತೆ. ನಲವತ್ತೆಂಟು ವರ್ಷದ ಹಿಂದಿನದನ್ನು ಇಲ್ಲಿ ಹೇಳದೆ ಈ ಪ್ರವಾಸದ ಕಥೆ ಮುಂದೆ ಹೋಗುವುದಿಲ್ಲ.

ಲಿಂಗನಮಕ್ಕಿಯ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ನಮ್ಮೂರ ಹೊಳೆ ಮತ್ತೆ ಹೊಳೆಯಾಗುತ್ತಿತ್ತು. ಬಂಡೆಗಳ ನಡುವೆ ಒಂದು ಗುಂಡಿ, ಅಲ್ಲಿ ಊರಿನ ಮಕ್ಕಳೆಲ್ಲ ಈಜುವುದು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಅಪ್ಪಣೆಯಿರಲಿಲ್ಲ. ನಾವು ಜಮೀನಿದ್ದವರು. ಗುಲಾಬಿಯ ಅಪ್ಪ ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಹೊಸ ಕಾನೂನು ಬಂದು ಆ ಗದ್ದೆ ಅವರ ಹೆಸರಿಗಾಗಿ ಒಂದು ಮಳೆಗಾಲ ಕಳೆದಿತ್ತು ಅಷ್ಟೆ. ನಮ್ಮ ಮನೆಯಲ್ಲಿ ಅದರ ಉರಿ ಆರಿರಲಿಲ್ಲ, ಅವರ ಮನೆಯಲ್ಲಿ ಹೆದರಿಕೆ ಹೋಗಿರಲಿಲ್ಲ. ನಾವಿಬ್ಬರು ಮಾತ್ರ ಶಾಲೆಯಲ್ಲಿ ಒಂದೇ ಬೆಂಚು. ಹನ್ನೆರಡು ವರ್ಷ ನಮಗೆ.

ಅವತ್ತು ಮಕ್ಕಳು ನನ್ನನ್ನು ಛೇಡಿಸಿದರು. ದೊಡ್ಮನೆಯ ಸಣ್ಣಮ್ಮನಿಗೆ ನೀರು ಕಂಡರೆ ಹೆದರಿಕೆ ಎಂದರು. ನಾನು ಬಂಡೆಯ ಮೇಲಿಂದ ಹಾರಿದೆ. ನಾನೇ ಹಾರಿದೆ, ಯಾರೂ ಮುಟ್ಟಲಿಲ್ಲ. ಮುಳುಗಿದವಳನ್ನು ಗುಲಾಬಿ ಜಡೆ ಹಿಡಿದು ಎಳೆದು ಹಾಕಿದಳು. ಒದ್ದೆಬಟ್ಟೆಯಲ್ಲಿ ಮನೆಗೆ ಹೋದಾಗ ಅಜ್ಜಿ ಜಗಲಿಯಲ್ಲೇ ತಡೆದು ಕೇಳಿದರು, ಯಾರು ನೂಕಿದ್ದು ಎಂದು. ನೂಕಿದ್ದು ಎನ್ನುವುದು ಅವರ ಪ್ರಶ್ನೆಯಲ್ಲೇ ಇತ್ತು. ನಾನು ಹೆಸರೊಂದನ್ನು ಸೇರಿಸಬೇಕಿತ್ತು, ಸೇರಿಸಿದೆ. ಗುಲಾಬಿಯ ಅಪ್ಪನಿಗೆ ಹೇಳಿ ಬರಲು ಆಳನ್ನು ಅಟ್ಟಿದರು. ಆ ಸಂಜೆ ಗದ್ದೆಯಾಚೆಯಿಂದ ಕೋಲಿನ ಏಟು, ಗುಲಾಬಿಯ ಕಿರುಚಾಟ ನಮ್ಮ ಜಗಲಿಯವರೆಗೂ ಕೇಳಿಸಿತು. ಅಜ್ಜಿ ಸಾಕು ಎನ್ನುವಂತೆ ತಲೆಯಾಡಿಸಿ ಒಳಗೆ ಹೋದರು. ನಾನು ಕಿವಿ ಮುಚ್ಚಿಕೊಂಡು ನಿಂತಿದ್ದೆ.

ಎರಡು ವರ್ಷದ ಮೇಲೆ ನನ್ನನ್ನು ಓದಲು ತೀರ್ಥಹಳ್ಳಿಯ ಸೋದರಮಾವನ ಮನೆಗೆ ಕಳಿಸಿದರು. ಮತ್ತೆ ಗುಲಾಬಿ ಸಿಕ್ಕಿದ್ದು ನನ್ನ ಮೊದಲ ಹೆರಿಗೆಯಲ್ಲಿ, ಸಾಗರದಲ್ಲಿ. ನೋವಿನಲ್ಲಿ ಕಣ್ಣು ಬಿಟ್ಟರೆ ಬಿಳಿ ಟೋಪಿಯ ಕೆಳಗೆ ಅವಳ ಮುಖ. "ಎಂತ ಕೂಗ್ತಿ, ನಾ ಇದೀನಲ್ಲ," ಎಂದಿದ್ದಳು. ಅಲ್ಲಿಂದ ಈಚೆಗೆ ಮೂವತ್ತನಾಲ್ಕು ವರ್ಷದ ಸ್ನೇಹ. ಹೊಳೆಯ ಮಾತನ್ನು ಒಂದು ಸಲವೂ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಎದ್ದು ದೋಣಿಯ ಹತ್ತಿರ ಹೋದೆ. ಅಂತೋಣಿ ಹಗ್ಗ ಸುತ್ತುತ್ತಿದ್ದ. ನನಗೆ ಅವನ ಭಾಷೆ ಬಾರದು. ಹವಳದ ಕವಲನ್ನು ತೋರಿಸಿ, ನನ್ನ ಕಾಲು ತೋರಿಸಿ, ಎದೆ ಮುಟ್ಟಿಕೊಂಡೆ. ಅವನು ನನ್ನ ಮೊಣಕಾಲಿನ ಕೆಳಗೆ ಕೈ ಮಾಡಿದ. ಅಲ್ಲಿ ರಕ್ತ ಹನಿಯುತ್ತಿತ್ತು.

"ತೆರಿಯುಂ ಅಕ್ಕಾ, ತೆರಿಯುಂ," ಎಂದ. ಗುಲಾಬಿ ಹಿಂದಿನ ದಿನದಿಂದ ಮಂಗೈಯ ಎದುರು ಇಪ್ಪತ್ತು ಸಲ ಹೇಳಿದ್ದ ಮಾತದು. ಗೊತ್ತು ಎಂದರ್ಥ.

ಗುಲಾಬಿ ದೂರದಿಂದ ನೋಡುತ್ತಿದ್ದಳು. ಹತ್ತಿರ ಬಂದು, ನನ್ನನ್ನು ಕೂರಿಸಿ, ಸಿಹಿನೀರಿನಲ್ಲಿ ಗಾಯ ತೊಳೆಯತೊಡಗಿದಳು.

"ಅವನ ಹತ್ರ ಯಾಕೆ ಹೇಳಕ್ಕೆ ಹೋದೆ? ನಾ ಹೇಳಾಗಿತ್ತಲ್ಲ."

"ಅವತ್ತೂ ನೀನೇ ಹೊತ್ಕೊಂಡೆ," ಎಂದೆ. "ಹೊಳೆಗೆ ನಾನೇ ಹಾರಿದ್ದು ಗುಲಾಬಿ. ಅಜ್ಜಿ ಕೇಳ್ದಾಗ ನಿನ್ನ ಹೆಸರು ಹೇಳ್ದೆ. ನಿಮ್ಮಪ್ಪ ನಿಂಗೆ ಹೊಡೆದದ್ದು ನಂಗೆ ಇವತ್ತಿಗೂ ಕೇಳಿಸ್ತದೆ."

ಅವಳ ಕೈ ನಿಂತಿತು.

"ಅಪ್ಪ ನಂಗೆ ಹೊಡೀಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಒದ್ದೆ ಗೋಣಿಚೀಲನ ಕಂಬಕ್ಕೆ ಸುತ್ತಿ ಅದಕ್ಕೆ ಹೊಡೆದ. ಕೂಗು ಅಂದ, ನಾನು ಕೂಗ್ದೆ. ಇನ್ನೂ ಜೋರಾಗಿ, ದೊಡ್ಮನೆಗೆ ಕೇಳ್ಬೇಕು ಅಂದ. ನಂಗೆ ಮೊದ್ಲು ನಗು ಬಂತು. ಆಮೇಲೆ ಅಪ್ಪನ ಮುಖ ನೋಡ್ದೆ." ಅವಳು ಗಾಯದ ಸುತ್ತ ಬಟ್ಟೆ ಒತ್ತಿ ಹಿಡಿದಳು. "ಕೋಲು ಬಿಸಾಕಿ ಕೂತ. ಗದ್ದೆ ನಮ್ಮದಾಯ್ತು ಅಂತಾರೆ, ಮಗಳಿಗೆ ಹೊಡೀದೆ ಇರಕ್ಕೆ ಗೋಣಿ ಹುಡುಕ್ಬೇಕು ಅಂದ. ಅಪ್ಪ ಅತ್ತಿದ್ದು ನಾ ನೋಡಿದ್ದು ಅವತ್ತೊಂದೇ ದಿನ."

ನನ್ನೊಳಗೆ ಇಷ್ಟು ವರ್ಷ ಕೇಳಿಸುತ್ತಿದ್ದ ಏಟುಗಳೆಲ್ಲ ಗೋಣಿಯ ಮೇಲೆ ಬಿದ್ದವು ಎಂದು ತಿಳಿದಾಗ ಹಗುರಾಗಬೇಕಿತ್ತು. ಆಗಲಿಲ್ಲ. ಗುಲಾಬಿಯೂ ಅಲ್ಲಿಗೆ ನಿಲ್ಲಿಸಲಿಲ್ಲ.

"ನೀ ಹೆಸರು ಹೇಳಿದ್ದೂ ನಂಗೆ ನೋವಾಗ್ಲಿಲ್ಲ. ನಿಮ್ಮಜ್ಜಿ ಮುಂದೆ ನಾನಾಗಿದ್ರೂ ಹಂಗೇ ಹೇಳ್ತಿದ್ನೇನೋ. ಜೂನಲ್ಲಿ ಶಾಲೆ ಶುರುವಾಯ್ತಲ್ಲ, ಬೆಂಚಲ್ಲಿ ನಿಂಗೆ ಜಾಗ ಇಟ್ಕೊಂಡಿದ್ದೆ. ನೀ ಬಂದು ಮುಂದಿನ ಬೆಂಚಲ್ಲಿ ಕೂತೆ. ತಿರುಗಿ ನೋಡ್ಲಿಲ್ಲ. ಎರಡು ವರ್ಷ ಮಾತಾಡ್ಲಿಲ್ಲ. ಅದು ನಂಗೆ ನೋವಾಗಿದ್ದು."

"ನಿನ್ನ ಮುಖ ನೋಡಕ್ಕೆ ಆಗ್ಲಿಲ್ಲ ನಂಗೆ."

"ಅದು ನಂಗೆ ಹೆಂಗೆ ಗೊತ್ತಾಗ್ಬೇಕು? ಗದ್ದೆ ಹೋಯ್ತು ಅಂತ ನಿಮ್ಮನೆಯವ್ರು ಮಾತು ಬಿಟ್ರಲ್ಲ, ನೀನೂ ಹಂಗೇ ಅಂದ್ಕೊಂಡೆ."

ತಪ್ಪಾಯಿತು ಎಂದೆ. ಅರವತ್ತು ವರ್ಷದ ಬಾಯಿಂದ ಆ ಮಾತು ಎಷ್ಟು ಸಣ್ಣದಾಗಿ ಬಂತು ಎಂದರೆ ಇನ್ನೊಮ್ಮೆ ಹೇಳಬೇಕಾಯಿತು. ಅವಳು ಹೋಗಲಿ ಬಿಡು ಎನ್ನಲಿಲ್ಲ. ಗಾಯಕ್ಕೆ ಪಟ್ಟಿ ಅಂಟಿಸಿ, ತುದಿಗಳನ್ನು ಬೆರಳಿನಿಂದ ತೀಡಿ, "ಕೇಳಿಸ್ತು," ಎಂದಳು. ವಾಪಸು ಬರುವಾಗ ದೋಣಿಯಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ.

ಮರುದಿನ

ಎಚ್ಚರಾದಾಗ ಗುಲಾಬಿಯ ಮಂಚ ಖಾಲಿಯಿತ್ತು. ಹೊದಿಕೆ ಮಡಿಚಿಟ್ಟಿತ್ತು. ಅವಳ ಬ್ಯಾಗು ಮೂಲೆಯಲ್ಲೇ ಇರುವುದನ್ನು ನೋಡಿಕೊಂಡ ಮೇಲೆ ನನಗೆ ಉಸಿರು ಬಂತು. ಮಂಗೈ ಬೆಳಗಿನ ತಿಂಡಿಗೆ ಆಪ್ಪಂ ದೋಸೆ ಹುಯ್ಯುತ್ತಾ ಸೌಟಿನಿಂದ ಕಡಲಿನ ದಿಕ್ಕು ತೋರಿಸಿದಳು.

ತೀರದಲ್ಲಿ ಇಪ್ಪತ್ತು ಮೂವತ್ತು ಜನ ಎರಡು ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಕೈರಂಪಣಿ ಎನ್ನುತ್ತಾರಲ್ಲ, ಹಾಗೆ. ಒಬ್ಬ ಹಾಡಿನಂತೆ ಏನೋ ಕೂಗುತ್ತಾನೆ, ಉಳಿದವರು ಹೂಂಗುಟ್ಟಿ ಒಂದು ಹೆಜ್ಜೆ ಹಿಂದೆ ಬರುತ್ತಾರೆ. ಸಾಲಿನ ನಡುವೆ ಗುಲಾಬಿ, ಚೂಡಿದಾರದ ಕಾಲು ಮೇಲೆ ಸಿಕ್ಕಿಸಿಕೊಂಡು, ಅವರ ಕೂಗಿಗೆ ತಾನೂ ಕೂಗು ಸೇರಿಸಿ ಎಳೆಯುತ್ತಿದ್ದಳು. ನಾನು ಹಗ್ಗ ಮುಟ್ಟಲಿಲ್ಲ. ಅವಳ ಚಪ್ಪಲಿಗಳು ಅಲೆಗೆ ಸಿಗುವ ಹಾಗಿದ್ದವು. ಅವನ್ನು ಎತ್ತಿಕೊಂಡು ಮೇಲೆ ನಿಂತೆ. ಎಷ್ಟೋ ಹೊತ್ತಿನ ಮೇಲೆ ಅವಳು ಬೆವರೊರೆಸುತ್ತಾ ಬಂದಳು. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಇವತ್ತೂ ಎಣ್ಣೆ ಹಚ್ಕೊಂಡಿದ್ರೆ ನಾ ಬರಲ್ಲ," ಎಂದಳು.

"ಸೋಪು ಹಾಕಿ ಎರಡು ಸಲ ತೊಳ್ಕೊಂಡಿದೀನಿ."

"ಹಂಗಾದ್ರೆ ನಡಿ. ಅಂತೋಣಿ ಕಾಯ್ತಿರ್ತಾನೆ."

ಆ ದಿನ ನಾನು ಆತುರ ಮಾಡಲಿಲ್ಲ. ಅಂತೋಣಿ ನಮ್ಮನ್ನು ಮೊದಲು ಬರೀ ಮರಳಿದ್ದ ಕಡೆ ಇಳಿಸಿ, ಮಂಡಿಯೂರಿ ಕೂತು ಮುಖ ಮುಳುಗಿಸಲು ಕಲಿಸಿದ. ಹತ್ತು ಉಸಿರು, ಇಪ್ಪತ್ತು ಉಸಿರು. ನನ್ನ ಉಸಿರಿನ ಸದ್ದು ನನಗೇ ಅಭ್ಯಾಸವಾದ ಮೇಲೆ ಕಾಲು ಚಾಚಿ ನೀರಿನ ಮೇಲೆ ಮಲಗಿದೆ. ಗುಲಾಬಿ ಪಕ್ಕದಲ್ಲಿದ್ದಳು. ಕೈ ಹಿಡಿದಿರಲಿಲ್ಲ.

ಸಮುದ್ರದೊಳಗೆ ಸದ್ದಿರುವುದಿಲ್ಲ ಎಂದು ನಾನು ತಿಳಿದಿದ್ದೆ. ಹವಳದ ಮೇಲೆ ತೇಲುತ್ತಿದ್ದ ಹಾಗೆ ಸುತ್ತಲೂ ಒಗ್ಗರಣೆಯ ಸಾಸಿವೆ ಸಿಡಿಯುವಂಥ ಚಿಟಪಟ ಕೇಳತೊಡಗಿತು. ಕಣ್ಣಿಗೆ ಕಾಣದ ಸಣ್ಣ ಸಿಗಡಿಗಳ ಸದ್ದು ಅದು ಎಂದು ಅಂತೋಣಿ ಆಮೇಲೆ ಹೇಳಿದ. ಹಸಿರು ನೀಲಿ ಬಣ್ಣದ, ಗಿಳಿಯ ಕೊಕ್ಕಿನಂಥ ಬಾಯಿಯ ಮೀನೊಂದು ಹವಳವನ್ನು ಕರುಕುರು ಕಡಿಯುತ್ತಿತ್ತು. ಹುರಿಗಡಲೆ ತಿನ್ನುವ ಮುದುಕರ ಹಾಗೆ ಅವಸರವಿಲ್ಲದೆ. ಕೆಲವು ಕಡೆ ಹವಳ ಸತ್ತು, ಬೂದಿ ಬಣ್ಣದ ಚೂರುಗಳ ರಾಶಿಯಾಗಿತ್ತು. ಅಂಥ ರಾಶಿಯ ನಡುವೆಯೂ ಅಲ್ಲೊಂದು ಇಲ್ಲೊಂದು ನೇರಳೆ ಮೊಳಕೆ. ಅಲ್ಲಿಗೆ ಬಂದಾಗ ನಾನು ಕಾಲುಗಳನ್ನು ಆದಷ್ಟು ಮೇಲೆ ಮಾಡಿಕೊಂಡು, ಉಸಿರನ್ನೂ ಹಗುರ ಮಾಡಿ ದಾಟಿದೆ.

ಮೂರಡಿ ಉದ್ದದ ಬೂದು ಮೀನೊಂದು ನಮ್ಮ ಕೆಳಗೆ ಹಾದುಹೋಯಿತು. ಬೆನ್ನಿನ ರೆಕ್ಕೆಯ ತುದಿಗೆ ಮಸಿ ಅದ್ದಿದ ಹಾಗೆ ಕಪ್ಪು. ಚೆನ್ನಾಗಿದೆ ಎಂದು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಗುಲಾಬಿ ನನ್ನ ಮಣಿಕಟ್ಟು ಹಿಡಿದಳು, ಉಗುರು ನಾಟುವ ಹಾಗೆ. ನೀರು ನಡುಮಟ್ಟವಿದ್ದ ಮರಳಿನ ಜಾಗಕ್ಕೆ ನನ್ನನ್ನು ಎಳೆದು ತಂದು ಕೊಳವೆ ತೆಗೆದಳು.

"ಶಾರ್ಕ್ ಅದು."

"ಹೌದಾ. ನಂಗೆ ಗೊತ್ತಾಗ್ಲಿಲ್ಲ."

"ಗೊತ್ತಾಗ್ದೆ ಇದ್ರೆ ಎಷ್ಟು ಧೈರ್ಯ ನೋಡು ನಿಂಗೆ."

ಅಂತೋಣಿ ಈಜಿಕೊಂಡು ಬಂದು, ಅದು ಮನುಷ್ಯರ ತಂಟೆಗೆ ಬರುವುದಲ್ಲ ಎಂದ. ನಾವು ನಕ್ಕೆವು. ಅವನು ಹೋದ ಮೇಲೂ ಗುಲಾಬಿ ಮುಖವಾಡ ಹಾಕಿಕೊಳ್ಳದೆ ನೀರು ನೋಡುತ್ತಾ ನಿಂತಿದ್ದಳು.

"ಪದ್ಮ, ನಂದೂ ಒಂದು ಇದೆ."

"ಎಂತದು?"

"ಅವತ್ತು ನೀ ಹಾರಿದ್ಮೇಲೆ ನಾನೂ ಹಿಂದೇನೇ ಹಾರಿದ್ನಲ್ಲ. ನೀರೊಳಗೆ ಕಣ್ಣು ಬಿಟ್ಟು ಹುಡುಕ್ದೆ. ನೀ ಕೆಳಗಿದ್ದೆ. ನಿನ್ನ ಲಂಗ ಅಷ್ಟಗಲಕ್ಕೆ ಅರಳಿತ್ತು, ಹಸಿರು. ಮೇಲಿಂದ ಬಿಸಿಲು ಅದರ ಮೇಲೆ ಅಲ್ಲಾಡ್ತಿತ್ತು. ಸಣ್ಣ ಸಣ್ಣ ಮೀನು ಬಂದು ಅಂಚು ಕಚ್ತಿದ್ವು. ಅಷ್ಟು ಚಂದದ್ದು ನಾ ಅಲ್ಲೀವರೆಗೆ ನೋಡಿರ್ಲಿಲ್ಲ." ಅವಳು ಮುಖವಾಡದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೋಡ್ತಾ ಇದ್ಬಿಟ್ಟೆ."

"ಎಷ್ಟು ಹೊತ್ತು?"

"ಗೊತ್ತಿಲ್ಲ. ನಂಗೇ ಉಸಿರು ಕಟ್ಟೋವರೆಗೆ. ಆಗ ನೆನಪಾಯ್ತು, ಇವ್ಳಿಗೆ ಈಜು ಬರಲ್ಲ ಅಂತ." ಅವಳು ನನ್ನ ಕಡೆ ತಿರುಗಲಿಲ್ಲ. "ನರ್ಸಿಂಗ್ ಕಲಿವಾಗ, ಉಸಿರು ನಿಂತ್ರೆ ಎಷ್ಟು ಹೊತ್ತಲ್ಲಿ ಎಂತಾಗ್ತದೆ ಅಂತ ಪಾಠ ಮಾಡಿದ್ರು. ಆ ದಿನ ನಂಗೆ ಊಟ ಸೇರ್ಲಿಲ್ಲ. ಮೊನ್ನೆ ಮೊಬೈಲಲ್ಲಿ ಈ ಸಮುದ್ರ ನೋಡ್ದಾಗ ಮತ್ತೆ ಅದೇ ನೆನಪಾಯ್ತು. ಒಂದ್ಸಲ ನಿನ್ನ ಜೊತೆಗೇ ನೋಡ್ಬೇಕು ಅನ್ನಿಸ್ತು."

ಅಲೆಯೊಂದು ಬಂದು ನಮ್ಮಿಬ್ಬರನ್ನೂ ಸ್ವಲ್ಪ ಎತ್ತಿ ಇಳಿಸಿತು. ಆ ಲಂಗ ನನಗೆ ಚೆನ್ನಾಗಿ ನೆನಪಿತ್ತು. ಸಾಗರದ ಅಂಗಡಿಯಿಂದ ಅಪ್ಪ ತಂದ ಬಟ್ಟೆ, ಯುಗಾದಿಗೆ ಹೊಲಿಸಿದ್ದು.

"ಅದು ಹಸಿರಲ್ಲ, ನೀಲಿ," ಎಂದೆ.

"ನೀ ಮೇಲಿಂದ ನೋಡಿದ್ದು," ಎಂದಳು ಗುಲಾಬಿ. "ಒಳಗೆ ಹಸಿರೇ ಇತ್ತು."

ನನ್ನ ಮುಖವಾಡದ ಗಾಜು ಮಬ್ಬಾಗಿತ್ತು. ಗಾಜಿನ ಒಳಬದಿಗೆ ಉಗುಳಿ ಉಜ್ಜಿದರೆ ಮಬ್ಬು ಕಟ್ಟುವುದಿಲ್ಲ ಎಂದು ದೋಣಿಯಲ್ಲಿ ಬರುವಾಗ ಅಂತೋಣಿ ಹೇಳಿದ್ದ, ನಾನು ಸಂಕೋಚಪಟ್ಟು ಬಿಟ್ಟಿದ್ದೆ. ಗುಲಾಬಿ ತನ್ನ ಗಾಜಿಗೆ ಉಗುಳಿ ಹೆಬ್ಬೆರಳಿನಿಂದ ಉಜ್ಜಿದಳು. ಆಮೇಲೆ ನನ್ನ ಕೈಯಿಂದ ನನ್ನದನ್ನು ಕಿತ್ತುಕೊಂಡು ಅದಕ್ಕೂ ಉಗುಳಿ, ಉಜ್ಜಿ, ಸಮುದ್ರದಲ್ಲಿ ಒಮ್ಮೆ ಅದ್ದಿ ಕೊಟ್ಟಳು. ನಾನು ಕಟ್ಟಿಕೊಂಡೆ. ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು.